ಅಲೆಪ್ಪಿ ಹೌಸ್‌ಬೋಟಿನಲ್ಲಿ ಸೂರ್ಯಾಸ್ತ ಚೆನ್ನಾಗಿ ಕಾಣುತ್ತದಾ? ಬೋಟ್ ಎಲ್ಲಿಗೆ ಹೋಗಬೇಕು?

ಡಿಸೆಂಬರ್ ರಜೆ, ಜೊತೆಗೆ ಅಪ್ಪ ಅಮ್ಮ, ವೆಂಬನಾಡ್ ಕಾಯಲಿನಲ್ಲಿ (ಕಾಯಲು ಅಂದರೆ ಕಡಲಂಚಿನ ಹಿನ್ನೀರಿನ ಸರೋವರ) ಒಂದು ರಾತ್ರಿ ಹೌಸ್‌ಬೋಟ್. ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ನಮ್ಮ ಮನೆಯ ಕಥೆಯೇ ಅನಿಸಿತು. ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಅಂದಿದ್ದೀರಿ. ಒಳ್ಳೆಯದಾಯಿತು. ಪೂರ್ತಿ ಓದಿ, ಆಮೇಲೆ ಕೊಡಿ.

ನಮ್ಮಮ್ಮ ಚಳ್ಳಕೆರೆ ಕಡೆಯವರು. ಆ ಕಡೆ ಮಳೆ ಕಮ್ಮಿ, ತುಂಬಿದ ಕೆರೆ ಕಾಣೋದೇ ಅಪರೂಪ. ಚಿಕ್ಕವರಿದ್ದಾಗ ಒಮ್ಮೆ ಮಾರಿಕಣಿವೆ ಡ್ಯಾಮಿಗೆ ಕರೆದುಕೊಂಡು ಹೋಗಿದ್ದರಂತೆ. ಸಂಜೆ ನೀರಿನ ಮೇಲೆ ಸೂರ್ಯ ಇಳಿದದ್ದನ್ನು ಈಗಲೂ ಹೇಳುತ್ತಾರೆ. ಹಾಗಾಗಿ ಕೇರಳ ಅಂದ ಕೂಡಲೇ ಅವರು ಕೇಳಿದ್ದು ಒಂದೇ. ಗುಡ್ಡ, ಮರ ಯಾವುದೂ ಅಡ್ಡ ಇರಬಾರದು, ನೀರಿನಲ್ಲೇ ಸೂರ್ಯ ಮುಳುಗೋದು ನೋಡಬೇಕು. ನಾನು ಅದಕ್ಕೇ ಹೌಸ್‌ಬೋಟ್ ಬುಕ್ ಮಾಡಿದೆ. ನಾಲ್ಕೂ ಕಡೆ ನೀರಿರುವ ಕಡೆ ಸೂರ್ಯಾಸ್ತ ಕಾಣದೆ ಇನ್ನೇನು ಅಂದುಕೊಂಡೆ.

ಮಧ್ಯಾಹ್ನ ಹನ್ನೆರಡಕ್ಕೆ ಪುನ್ನಮಡ ಕಡೆಯಿಂದ ಬೋಟ್ ಹೊರಟಿತು. ನೆಹರು ಟ್ರೋಫಿ ದೋಣಿ ಸ್ಪರ್ಧೆ ನಡೆಯುವ ನೀರು ಅದೇ. ಅಲ್ಲಿಂದ ಕುಟ್ಟನಾಡಿನ ಕಾಲುವೆಗಳು. ಇದು ಮಾತ್ರ ನಿಜಕ್ಕೂ ನೋಡಬೇಕಾದ್ದು. ಇಲ್ಲಿ ಭತ್ತದ ಗದ್ದೆಗಳು ಸಮುದ್ರ ಮಟ್ಟಕ್ಕಿಂತ ಕೆಳಗಿವೆ. ಕಾಲುವೆಯ ನೀರು ಮೇಲೆ, ಗದ್ದೆ ಕೆಳಗೆ, ನಡುವೆ ಮಣ್ಣಿನ ಏರಿ. ಏರಿಯ ಮೇಲೆ ಜನರ ಮನೆ, ತೆಂಗು, ಬಾಳೆ. ಗದ್ದೆಯಿಂದ ನೀರನ್ನು ಪಂಪ್ ಇಟ್ಟು ಹೊರಗೆ ಹಾಕುತ್ತಾರೆ. ಬೋರ್‌ವೆಲ್ ಬತ್ತುವ ಊರಿಂದ ಬಂದ ಅಮ್ಮನಿಗೆ ಇದು ನಂಬೋಕೇ ಆಗಲಿಲ್ಲ. 'ಗದ್ದೆಯಿಂದ ನೀರು ಹೊರಗೆ ಹಾಕ್ತಾರೇನೋ?' ಅಂತ ಮತ್ತೆ ಮತ್ತೆ ಕೇಳಿದರು. ನಾವು ಮೀನು ತಿನ್ನುವುದಿಲ್ಲ. ಮೊದಲೇ ಹೇಳಿದ್ದರಿಂದ ಅವಿಯಲ್, ತೋರನ್, ಸಾಂಬಾರ್ ಮಾಡಿ ಬಡಿಸಿದರು. ಊಟ ಚೆನ್ನಾಗಿತ್ತು.

ಐದು ಗಂಟೆ ಹೊತ್ತಿಗೆ ಕಾಯಲಿನ ಅಗಲ ನೀರಿನಲ್ಲಿದ್ದೆವು. ಅಮ್ಮ ಮುಂದಿನ ಕುರ್ಚಿಯಲ್ಲಿ ಜಾಗ ಹಿಡಿದು ಕೂತಾಗಿತ್ತು. ಸೂರ್ಯ ಇನ್ನೂ ಮೇಲಿದ್ದ. ಆಗ ಬೋಟ್ ತಿರುಗಿತು. ಒಂದು ಕಾಲುವೆಯೊಳಗೆ ಹೋಗಿ, ಸಾಲಾಗಿ ನಿಂತಿದ್ದ ಬೇರೆ ಬೋಟುಗಳ ಮಧ್ಯೆ ಏರಿಗೆ ಹಗ್ಗ ಕಟ್ಟಿದರು. ನಮ್ಮ ಪಶ್ಚಿಮಕ್ಕೆ ಏರಿ, ಅದರ ಮೇಲೆ ಒತ್ತಾಗಿ ತೆಂಗಿನ ಮರಗಳು. ಬೋಟ್ ಓಡಿಸುವವರಿಗೆ ನಾನು ಅರೆಬರೆ ತಮಿಳಿನಲ್ಲಿ 'ಚೇಟ್ಟಾ, ಸೂರ್ಯ ಇನ್ನೂ ಮುಳುಗಿಲ್ಲವಲ್ಲ, ವಾಪಸ್ ಹೋಗೋಣ' ಅಂದೆ. ಅವರು ಸಮಾಧಾನವಾಗಿ ಹೇಳಿದರು. ಐದೂವರೆ ಆದ ಮೇಲೆ ಹೌಸ್‌ಬೋಟ್ ಓಡಿಸುವಂತಿಲ್ಲ. ಸಂಜೆಯಿಂದ ಮೀನುಗಾರರು ಬಲೆ ಬಿಡುತ್ತಾರೆ. ಬೋಟಿನ ಪ್ರೊಪೆಲರ್ ಸಿಕ್ಕಿದರೆ ಬಲೆ ಹರಿಯುತ್ತದೆ, ಒಂದು ಮನೆಯ ದುಡಿಮೆ ಹೋಗುತ್ತದೆ.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅಲ್ಲಿಯ ಜನ ಬದುಕುವುದು ಆ ನೀರಿನಿಂದ. ಸೂರ್ಯಾಸ್ತ ಆದದ್ದು ಆರು ದಾಟಿದ ಮೇಲೆ. ತೆಂಗಿನ ಮರಗಳ ಸಂದಿಯಲ್ಲಿ ಸ್ವಲ್ಪ ಕೇಸರಿ ಕಂಡಿತು. ಪಕ್ಕದ ಬೋಟಿನಲ್ಲಿ ಜನರೇಟರ್, ಆಚೆ ಬೋಟಿನಲ್ಲಿ ಹಾಡು. ಅಮ್ಮ 'ಇಷ್ಟೇನಾ?' ಅಂದರು. ಮರುದಿನ ಮಧ್ಯಾಹ್ನಕ್ಕೆ ನಮ್ಮ ರೈಲು.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಈಗ ಅದರ ಅಂಚಿನಲ್ಲೇ ಇದ್ದೀರಿ. ಬುಕ್ ಮಾಡುವಾಗ ನಾನು ಫೋನಿನಲ್ಲಿ 'ಸನ್‌ಸೆಟ್ ಕಾಣುತ್ತದಾ?' ಅಂತ ಕೇಳಿದ್ದೆ. 'ಕಾಣುತ್ತೆ ಸಾರ್' ಅಂದರು. ಆ ಪ್ರಶ್ನೆಗೆ ಯಾರೂ ಇಲ್ಲ ಅನ್ನುವುದಿಲ್ಲ. ನಾನು ಕೇಳಬೇಕಾಗಿದ್ದದ್ದು ಬೇರೆ: ಎಷ್ಟು ಗಂಟೆಗೆ ಬೋಟ್ ಕಟ್ಟುತ್ತೀರಿ? ಕಟ್ಟುವ ಜಾಗ ಕಾಲುವೆಯ ಒಳಗೋ, ಕಾಯಲಿನ ಅಂಚಿನಲ್ಲೋ? ಅಲ್ಲಿಂದ ಪಶ್ಚಿಮಕ್ಕೆ ಏನಿದೆ, ನೀರೋ, ಮರವೋ? ಈ ಮೂರರಲ್ಲಿ ಒಂದನ್ನು ಕೇಳಿದ್ದರೂ ಸಾಕಿತ್ತು. ಬೋಟ್ ಕಟ್ಟುವುದು ಐದೂವರೆಗೆ, ಸೂರ್ಯ ಮುಳುಗುವುದು ಆರರ ಮೇಲೆ. ಬೆಲೆ ನೋಡಿದೆ, ಏಸಿ ಇದೆಯಾ ಅಂತ ನೋಡಿದೆ, ಫೋಟೋ ನೋಡಿದೆ, ರಿವ್ಯೂ ಓದಿದೆ. ಗಡಿಯಾರ ಮತ್ತು ಮ್ಯಾಪ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿಲ್ಲ.

ಮ್ಯಾಪ್ ತೆರೆದರೆ ವಿಷಯ ತಾನಾಗಿ ಕಾಣುತ್ತದೆ. ವೆಂಬನಾಡ್ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಮಲಗಿದೆ. ಅಲೆಪ್ಪಿ ಇರುವುದು ಕಾಯಲು ಮತ್ತು ಅರಬ್ಬಿ ಸಮುದ್ರದ ನಡುವಿನ ನೆಲದ ಪಟ್ಟಿಯಲ್ಲಿ. ಆ ದಂಡೆಯಲ್ಲಿ ನಿಂತು ಕಾಯಲಿನ ಕಡೆ ಮುಖ ಮಾಡಿದರೆ ನೀವು ನೋಡುತ್ತಿರುವುದು ಪೂರ್ವ. ಅಲ್ಲಿ ನೀರಿನ ಮೇಲೆ ಕಾಣುವುದು ಸೂರ್ಯೋದಯ. ಸೂರ್ಯಾಸ್ತಕ್ಕೆ ಆಚೆ ದಂಡೆ ಬೇಕು. ಅಂದರೆ ಕುಮರಕಂ, ಅಥವಾ ಇನ್ನೂ ಉತ್ತರಕ್ಕೆ ವೈಕಂ.

ಹಾಗಾಗಿ 'ಹೌಸ್‌ಬೋಟ್ ಎಲ್ಲಿಗೆ ಹೋಗಬೇಕು' ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ ಅನ್ನುತ್ತೇನೆ. ಸೂರ್ಯಾಸ್ತ ನಿಮಗೆ ಮುಖ್ಯವಾದರೆ ರಾತ್ರಿ ಹೌಸ್‌ಬೋಟ್ ಬೇಡವೇ ಬೇಡ. ಕುಟ್ಟನಾಡು ನೋಡೋಕೆ ಹಗಲಿನ ಬೋಟ್ ಸಾಕು. ಉಳಿದ ದುಡ್ಡಿನಲ್ಲಿ ಪೂರ್ವದ ದಂಡೆಯಲ್ಲಿ ಒಳ್ಳೆಯ ಹೋಂಸ್ಟೇ ಹಿಡಿಯಿರಿ.

ನಾವು ಮತ್ತೆ ಹೋಗೋಕೆ ತುಂಬಾ ತಡವಾಯಿತು. ಮಧ್ಯೆ ಅಪ್ಪನಿಗೆ ಆಪರೇಷನ್, ಆಮೇಲೆ ಏನೇನೋ. ಎರಡನೇ ಸಲ ಬೆಂಗಳೂರಿಂದ ಐಲ್ಯಾಂಡ್ ಎಕ್ಸ್‌ಪ್ರೆಸ್ ಹತ್ತಿ ಕೊಟ್ಟಾಯಂನಲ್ಲೇ ಇಳಿದೆವು. ಕುಮರಕಂಗೆ ಅಲ್ಲಿಂದ ಹತ್ತಿರ. ಸಂಜೆ ಕುಮರಕಂ ಜೆಟ್ಟಿಯಿಂದ ಮುಹಮ್ಮಕ್ಕೆ ಹೋಗುವ ಸರ್ಕಾರಿ ಬೋಟ್ ಹತ್ತಿದೆವು. ಕೇರಳದ ಜಲಸಾರಿಗೆ ಇಲಾಖೆಯ ಬೋಟ್ ಅದು. ನಮ್ಮ ಸಿಟಿ ಬಸ್ಸಿನಷ್ಟೇ ಟಿಕೆಟ್ಟು, ಕೆಲಸ ಮುಗಿಸಿ ಮನೆಗೆ ಹೋಗುವ ಜನ, ಜೊತೆಗೆ ಬೈಕು, ಸೈಕಲ್ಲು. ಆಚೆ ದಡ ಸೇರೋಕೆ ಮುಕ್ಕಾಲು ಗಂಟೆಯ ಹತ್ತಿರ ಬೇಕು. ಕುಮರಕಂ ಪೂರ್ವಕ್ಕೆ, ಮುಹಮ್ಮ ಪಶ್ಚಿಮಕ್ಕೆ. ಅಂದರೆ ದಾರಿಯುದ್ದಕ್ಕೂ ಬೋಟ್ ಸೂರ್ಯನ ಕಡೆಗೇ ಹೋಗುತ್ತದೆ. ಎದುರಿಗೆ ಪಾತಿರಾಮಣಲ್ ದ್ವೀಪ. ನೀರೆಲ್ಲ ತಾಮ್ರದ ಬಣ್ಣ. ಮೀನುಗಾರರ ಸಣ್ಣ ದೋಣಿಗಳು ಬಲೆ ಬಿಡೋಕೆ ಹೊರಟಿದ್ದವು. ಅಮ್ಮ ಅಪ್ಪನ ಕೈ ಹಿಡಿದು ಎಬ್ಬಿಸಿ, ಕಿಟಕಿಯ ಹತ್ತಿರ ಕೂರಿಸಿ, 'ನೋಡ್ರೀ, ನೋಡ್ರೀ' ಅನ್ನುತ್ತಲೇ ಇದ್ದರು. ಪಕ್ಕದಲ್ಲಿದ್ದ ಒಬ್ಬ ಹೆಂಗಸು ತಾವಾಗಿ ಎದ್ದು ಅಮ್ಮನಿಗೂ ಜಾಗ ಬಿಟ್ಟುಕೊಟ್ಟರು.

ಈ ಬೋಟಿಗೆ ಹೋಗುವಾಗ ಒಂದೆರಡು ಎಚ್ಚರಿಕೆ ಬೇಕು. ಹೊರಡುವ ಸಮಯವನ್ನು ಬೆಳಿಗ್ಗೆಯೇ ಜೆಟ್ಟಿಗೆ ಹೋಗಿ ಕೇಳಿ. ಡಿಸೆಂಬರ್ ಕೊನೆಗೆ ಅಲ್ಲಿ ಆರೂಕಾಲರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಹಾಗಾಗಿ ಐದೂವರೆ, ಐದೂಮುಕ್ಕಾಲರ ಹತ್ತಿರ ಹೊರಡುವ ಬೋಟ್ ಸಿಕ್ಕಿದರೆ ಸರಿಯಾಗುತ್ತದೆ. ವಾಪಸ್ ಬರುವ ಕೊನೆಯ ಬೋಟ್ ಎಷ್ಟಕ್ಕೆ ಅಂತಲೂ ಆಗಲೇ ಕೇಳಿಕೊಳ್ಳಿ. ನಿಮ್ಮ ಜೊತೆ ಕಾರಿದ್ದರೆ ಇನ್ನೂ ಸುಲಭ. ಡ್ರೈವರ್ ತಣ್ಣೀರ್‌ಮುಕ್ಕಂ ಬಂಡ್ ದಾಟಿ ರಸ್ತೆಯಲ್ಲಿ ಮುಹಮ್ಮಕ್ಕೆ ಬಂದು ಕಾಯಬಹುದು. ನಾವು ಮಾಡಿದ್ದು ಹಾಗೇ. ಬೋಟಿನಲ್ಲಿ ಜನ ತುಂಬಿದ್ದರೆ ಮಾತ್ರ ಹತ್ತಬೇಡಿ, ಮುಂದಿನದಕ್ಕೆ ಕಾಯಿರಿ. 2002ರ ಜುಲೈನಲ್ಲಿ ಇದೇ ಮುಹಮ್ಮ–ಕುಮರಕಂ ದಾರಿಯಲ್ಲಿ ಬೋಟ್ ಮುಳುಗಿ 29 ಜನ ತೀರಿಕೊಂಡರು. ವಯಸ್ಸಾದವರ ಜೊತೆ ಹೋಗುವಾಗ ಒಂದು ಸೂರ್ಯಾಸ್ತಕ್ಕಾಗಿ ಆತುರ ಪಡಬಾರದು.

ಅಪ್ಪ ಅಮ್ಮನಿಗೆ ಅಷ್ಟು ಹೊತ್ತು ಬೋಟ್ ಆಗುವುದಿಲ್ಲ ಅಂದರೆ ವೈಕಂಗೆ ಹೋಗಿ. ನನಗೆ ಕುಮರಕಂಗಿಂತ ವೈಕಂ ಇಷ್ಟ. ರೆಸಾರ್ಟುಗಳ ಗಲಾಟೆ ಇಲ್ಲ, ಊರು ಊರಾಗಿಯೇ ಇದೆ. ದೊಡ್ಡ ಶಿವನ ಗುಡಿ ಇದೆ. ಆ ಗುಡಿಯ ಸುತ್ತಲಿನ ರಸ್ತೆಯಲ್ಲಿ ಎಲ್ಲ ಜಾತಿಯವರೂ ನಡೆಯಬೇಕು ಅಂತ 1924ರಲ್ಲಿ ಸತ್ಯಾಗ್ರಹ ಶುರುವಾದದ್ದು ಇಲ್ಲೇ. 1925ರ ಮಾರ್ಚಿನಲ್ಲಿ ಗಾಂಧೀಜಿ ಬಂದು ಇಳಿದದ್ದು ವೈಕಂನ ಬೋಟ್ ಜೆಟ್ಟಿಯಲ್ಲಿ. ಅಪ್ಪ ಆ ಜೆಟ್ಟಿಯ ಮುಂದೆ ಬಹಳ ಹೊತ್ತು ನಿಂತಿದ್ದರು. ಈಗ ವೈಕಂನಿಂದ ಆಚೆ ದಡದ ತವಣಕ್ಕಡವಿಗೆ 'ಆದಿತ್ಯ' ಅನ್ನುವ ಸೋಲಾರ್ ಬೋಟ್ ಓಡುತ್ತದೆ. 2017ರಲ್ಲಿ ಶುರುವಾದ ದೇಶದ ಮೊದಲ ಸೋಲಾರ್ ಫೆರ್ರಿ ಅದು. ಡೀಸೆಲ್ ವಾಸನೆ ಇಲ್ಲ, ಎಂಜಿನ್ ಸದ್ದಿಲ್ಲ, ದಾಟುವುದು ಬೇಗ. ಬೋಟ್ ಬೇಡವೇ ಬೇಡ ಅಂದರೆ ಅಲ್ಲೇ ಕಾಯಲಿನ ದಂಡೆಯಲ್ಲಿ ಸುಮ್ನೆ ಕೂತರೂ ಎದುರಿಗೆ ಪಶ್ಚಿಮವೇ.

ತಣ್ಣೀರ್‌ಮುಕ್ಕಂ ಬಂಡ್ ಮೇಲೆ ನಿಂತು ನೋಡಿ ಅಂತಲೂ ನಿಮಗೆ ಕೆಲವರು ಹೇಳಬಹುದು. ಉಪ್ಪುನೀರು ಕುಟ್ಟನಾಡಿನ ಗದ್ದೆಗೆ ನುಗ್ಗದಿರಲಿ ಅಂತ ಕಾಯಲಿಗೆ ಅಡ್ಡ ಕಟ್ಟಿದ ತೂಬುಗಳ ಸಾಲು ಅದು. ಅದೊಂದು ಸಲ ನೋಡಬೇಕಾದ ಕೆಲಸ, ಒಪ್ಪುತ್ತೇನೆ. ಆದರೆ ವಾಹನ ಜಾಸ್ತಿ, ವಯಸ್ಸಾದವರಿಗೆ ಕೂರೋಕೆ ಜಾಗ ಇಲ್ಲ. ನಾನಾದರೆ ಕರೆದುಕೊಂಡು ಹೋಗಲ್ಲ. ಕುಮರಕಂ ಪಕ್ಷಿಧಾಮ ಬೆಳಗಿನ ಹೊತ್ತಿಗೆ ಸರಿ, ಸಂಜೆಗೆ ಬೇಡ.

ಎಲ್ಲಿ ನಿಂತರೂ ಇನ್ನೊಂದು ವಿಷಯ ನೆನಪಿರಲಿ. ಡಿಸೆಂಬರಿನಲ್ಲಿ ಸೂರ್ಯ ನೇರ ಪಶ್ಚಿಮಕ್ಕೆ ಮುಳುಗುವುದಿಲ್ಲ. ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ನಿಮ್ಮ ಎಡಗಡೆಗೆ ಕಟ್ಟಡವೋ ಮರವೋ ಅಡ್ಡ ಇಲ್ಲದಂತೆ ಜಾಗ ಹಿಡಿಯಿರಿ. ತಿಂಗಳ ಮೊದಲ ವಾರಕ್ಕಿಂತ ಕೊನೆಯ ವಾರ ಒಳ್ಳೆಯದು. ಹಿಂಗಾರು ಮಳೆಯ ದಿನಗಳಲ್ಲಿ ಅಲ್ಲಿ ಸಂಜೆ ಹೊತ್ತಿಗೇ ಮೋಡ ಕಟ್ಟಿ ಗುಡುಗುತ್ತದೆ. ಜನವರಿಗೆ ಮುಂದೂಡೋಕೆ ಆಗುವುದಾದರೆ ಇನ್ನೂ ಒಳ್ಳೆಯದು.

ಅಲೆಪ್ಪಿಯಲ್ಲೇ ಉಳಿಯಲೇಬೇಕು ಅಂದರೆ ಕಾಯಲನ್ನು ಮರೆತು ಬೀಚಿಗೆ ಹೋಗಿ. ಹಳೆಯ ಕಡಲ ಸೇತುವೆಯ ಕಂಬಗಳ ಆಚೆ, ಸಮುದ್ರದಲ್ಲೇ ಸೂರ್ಯ ಮುಳುಗುತ್ತಾನೆ. ಹುಣ್ಣಿಮೆ ದಿನ ಸಿಕ್ಕಿದರೆ ಮಾತ್ರ ಮುಹಮ್ಮದ ದಂಡೆ ಬಿಡಬೇಡಿ. ಹಿಂದೆ ಸೂರ್ಯ ಇಳಿಯುವ ಹೊತ್ತಿಗೇ ಎದುರಿಗೆ ಕಾಯಲಿನ ಮೇಲೆ ಚಂದ್ರ ಏಳುತ್ತಾನೆ.

ಇಷ್ಟೆಲ್ಲ ಕೇಳಿದ ಮೇಲೂ ನಿಮ್ಮಮ್ಮನಿಗೆ ಬೋಟಿನಲ್ಲಿ ಒಂದು ರಾತ್ರಿ ಮಲಗುವ ಆಸೆ ಇದ್ದರೆ, ಕುಮರಕಂ ಕಡೆಯ ಬೋಟನ್ನೇ ತೆಗೆದುಕೊಳ್ಳಿ. ಕಾಯಲಿನ ಅಂಚಿನಲ್ಲಿ, ಪಶ್ಚಿಮಕ್ಕೆ ನೀರು ಕಾಣುವ ಕಡೆ ಕಟ್ಟುತ್ತೇವೆ ಅಂತ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ, ಕಟ್ಟುವ ಜಾಗದ ಲೊಕೇಶನ್ ಕಳಿಸೋಕೆ ಹೇಳಿ. ಕಳಿಸದಿದ್ದರೆ ಬೇರೆ ಬೋಟ್ ಹುಡುಕಿ. ಅಲೆಪ್ಪಿಯ ಬೋಟೇ ಆಗಬೇಕಾದರೆ, ಸೂರ್ಯಾಸ್ತ ನೋಡೋಕೆ ಐದು ಗಂಟೆಗೆ ಒಂದು ಸಣ್ಣ ಶಿಕಾರಾ ದೋಣಿ ತರಿಸಿಕೊಡುತ್ತಾರಾ ಅಂತ ಕೇಳಿ, ಅದರ ಬಾಡಿಗೆಯನ್ನೂ ಮೊದಲೇ ಮಾತಾಡಿಕೊಳ್ಳಿ.