ಟೂರ್ ಬಸ್ಸಿನವರಿಗೂ ಎಲ್ಲೋರ ಬೇಕು

ಪತ್ರ: ದಸರಾ ರಜೆಯಲ್ಲಿ ಶಿರಡಿ ಟೂರ್ ಬಸ್ಸಿನಲ್ಲಿ ಎಲ್ಲೋರಕ್ಕೂ ಹೋಗಿದ್ದೆ. ಅವತ್ತು ಭಾನುವಾರ. 10ನೇ ಗುಹೆಯ ಬುದ್ಧನ ಮುಂದೆ ಕಾಲಿಡಲು ಜಾಗವಿಲ್ಲ. ಪ್ರತಿಧ್ವನಿ ಕೇಳಲು ಕೂಗುವವರು ಕೆಲವರು, ಸೆಲ್ಫಿಗೆ ಕಿತ್ತಾಡುವವರು ಕೆಲವರು. ಕಲೆಯ ಗಂಧ ಇಲ್ಲದ ಈ ಜನರನ್ನು ಯಾಕೆ ಬಿಡುತ್ತಾರೆ? ಟಿಕೆಟ್ 500 ರೂಪಾಯಿ ಮಾಡಿದರೆ ಆಸಕ್ತರಷ್ಟೇ ಬರುತ್ತಾರೆ, ಅಲ್ಲವೇ?
ನಿವೃತ್ತ ಶಿಕ್ಷಕರು, ಹಾಸನ

ಮೇಷ್ಟ್ರೇ, ನಿಮ್ಮ ಸಂಕಟ ಗೊತ್ತಾಗುತ್ತದೆ. ಅಷ್ಟು ದೂರ ಹೋಗಿ ನೆಮ್ಮದಿಯಾಗಿ ನೋಡಲು ಆಗದಿದ್ದರೆ ಯಾರಿಗಾದರೂ ಬೇಜಾರೇ. ಅಜಂತದ ಬಣ್ಣದ ಚಿತ್ರಗಳಿರುವ ಗುಹೆಗಳಲ್ಲಿ ಒಮ್ಮೆಗೆ ಇಷ್ಟೇ ಜನ ಎಂದು ತಡೆಯುವುದು ಸರಿ. ಉಸಿರಿನ ತೇವ ಆ ಚಿತ್ರಗಳಿಗೆ ಕೆಟ್ಟದ್ದು. ಕಲ್ಲಿನ ಮೇಲೆ ಹೆಸರು ಗೀಚುವವರಿಗೆ ದಂಡ ಹಾಕಲಿ, ಅದಕ್ಕೂ ನನ್ನ ತಕರಾರಿಲ್ಲ.

ಆದರೆ 500 ರೂಪಾಯಿ ಟಿಕೆಟ್? ಐದು ಜನರ ಸಂಸಾರಕ್ಕೆ ಎರಡೂವರೆ ಸಾವಿರ. ವರ್ಷವಿಡೀ ಚೀಟಿ ಕಟ್ಟಿ ಒಂದು ಟೂರ್ ಹೊರಡುವವರು ಹೊರಗೆ ಬಸ್ಸಿನಲ್ಲೇ ಕೂರಬೇಕಾಗುತ್ತದೆ. ದುಡ್ಡಿದ್ದವರಿಗೆಲ್ಲ ಕಲೆ ಗೊತ್ತಿರುತ್ತದೆ ಅಂತ ನಿಮಗೆ ಹೇಳಿದವರು ಯಾರು?

ಇಂಥ ಬೌದ್ಧ ಜಾಗಗಳನ್ನು ಮಾಡಿಸಿದವರು, ಉಳಿಸಿದವರು ಎಂಥವರು ಅಂತ ಸ್ವಲ್ಪ ನೋಡಿ. ಮಧ್ಯಪ್ರದೇಶದ ಸಾಂಚಿಯಲ್ಲಿ ಬೌದ್ಧರ ದೊಡ್ಡ ಗುಮ್ಮಟ, ಅಂದರೆ ಸ್ತೂಪ ಇದೆ. ಅದರ ದಕ್ಷಿಣದ ತೋರಣದ (ಕಲ್ಲಿನ ಹೆಬ್ಬಾಗಿಲಿನ) ಮೇಲೆ ಒಂದು ಶಾಸನವಿದೆ. ಅಲ್ಲಿನ ಕೆತ್ತನೆ ಪಕ್ಕದ ವಿದಿಶೆ ಊರಿನ ದಂತ ಕೆತ್ತುವವರದ್ದು ಎನ್ನುತ್ತದೆ ಅದು. ಆ ಸ್ತೂಪಕ್ಕೆ ರಾಜರಿಗಿಂತ ಜಾಸ್ತಿ ದಾನ ಕೊಟ್ಟವರು ವ್ಯಾಪಾರಿಗಳು, ಗೃಹಿಣಿಯರು, ಭಿಕ್ಷುಣಿಯರು. ಎಲ್ಲೋರದ 5ನೇ ಗುಹೆಗೆ ಹೋಗಿದ್ದೀರಾ? ನಡುವೆ ಉದ್ದಕ್ಕೂ ಎರಡು ಸಾಲು ಕಲ್ಲಿನ ಜಗುಲಿ. ಹತ್ತಾರು ಜನ ಒಟ್ಟಿಗೆ ಕೂರಲಿ ಅಂತಲೇ ಬಂಡೆಯನ್ನು ಹಾಗೆ ಕಡಿದಿದ್ದಾರೆ. ಜನ ಸೇರಬೇಕಾದ ಜಾಗವದು.

ಇನ್ನು ನೀವು ಸಿಟ್ಟಾದ 10ನೇ ಗುಹೆ. ಏಳನೇ ಶತಮಾನದ ಕೆಲಸ. ಸ್ತೂಪದ ಮುಂದೆ ಕಾಲು ಇಳಿಬಿಟ್ಟು ಕೂತ ಬುದ್ಧ. ಮೇಲೆ ಕಮಾನಿನಂತೆ ಬಾಗಿದ ಚಾವಣಿ, ಅದರ ತುಂಬ ಸಾಲುಸಾಲು ಕಲ್ಲಿನ ತೊಲೆಗಳು. ಬೌದ್ಧರು ಅಲ್ಲಿಂದ ಹೋಗಿ ನೂರಾರು ವರ್ಷ ಆದಮೇಲೂ ಸುತ್ತಲಿನ ಬಡಗಿಗಳು ಈ ಬುದ್ಧನನ್ನೇ ವಿಶ್ವಕರ್ಮ ಎಂದು ಪೂಜಿಸುತ್ತಿದ್ದರು. ಅವರು ಶಿಲ್ಪಶಾಸ್ತ್ರ ಓದಿದವರಲ್ಲ. ನಿಮ್ಮ ಲೆಕ್ಕದಲ್ಲಿ ಅವರೂ ಹೊರಗೇ ನಿಲ್ಲಬೇಕಿತ್ತು.

ನಾನು ಅಲ್ಲಿಗೆ ಹೋದಾಗಲೂ ಇದೇ ಗಲಾಟೆ. ಗುಂಪಿನಲ್ಲಿ ಹೊಳೆನರಸೀಪುರ ಕಡೆಯ ಬಡಗಿಯೊಬ್ಬರು ಸಿಕ್ಕರು. ಅವರ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಹೆಂಡತಿ ಎರಡು ಸಲ ಕರೆದರು. ಆತ ಕತ್ತೆತ್ತಿ ಚಾವಣಿ ನೋಡುತ್ತಾ ನಿಂತೇ ಇದ್ದರು. ಬೆರಳಲ್ಲಿ ತೊಲೆಯಿಂದ ತೊಲೆಗೆ ಎಷ್ಟು ಅಂತರ ಎಂದು ಗಾಳಿಯಲ್ಲೇ ಅಳೆದರು. “ಇದು ಕಲ್ಲಿನ ಲೆಕ್ಕ ಅಲ್ಲ ಸ್ವಾಮಿ, ಮರದ ಲೆಕ್ಕ. ಕಲ್ಲಿಗೆ ಇಷ್ಟೊಂದು ತೊಲೆ ಯಾಕೆ ಬೇಕು?” ಅಂದರು. ಮರದಲ್ಲಿ ಕಟ್ಟುತ್ತಿದ್ದ ಚೈತ್ಯಗಳನ್ನು, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರಗಳನ್ನು, ನೋಡಿ ಕಲ್ಲಿನಲ್ಲಿ ಕಡಿದರು ಎಂದು ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ. ಆತ ನಿಂತಲ್ಲೇ ಕಂಡುಹಿಡಿದರು. ಅವರಿಗೂ ಬಸ್ಸಿನವನು ಕೊಟ್ಟಿದ್ದು ಒಂದೇ ಗಂಟೆ.

ನನ್ನ ಸಿಟ್ಟು ಇರುವುದು ಆ ಒಂದು ಗಂಟೆಯ ಮೇಲೆ. 34 ಗುಹೆಗಳಿಗೆ ಒಂದು ಗಂಟೆ! ಮೊದಲು ರಾಷ್ಟ್ರಕೂಟರ ಕೈಲಾಸ ದೇವಾಲಯಕ್ಕೆ ಓಡಿಸುತ್ತಾರೆ. ನಮ್ಮ ಕನ್ನಡದ ದೊರೆ ಒಂದನೇ ಕೃಷ್ಣ ಮಾಡಿಸಿದ್ದು ಅಂತ ಕೂಡ ಹೇಳುವುದಿಲ್ಲ. 1ರಿಂದ 12ರವರೆಗಿನವು ಬೌದ್ಧರ ಗುಹೆಗಳು ಎಂದು ತಿಳಿಸುವವರಿಲ್ಲ. ಏನೂ ಹೇಳದೆ ಕತ್ತಲೆ ಗುಹೆಗೆ ನೂಕಿದರೆ ಮಕ್ಕಳು ಕೂಗದೆ ಇನ್ನೇನು ಮಾಡುತ್ತಾರೆ?

ಊರಿನಲ್ಲೂ ಅಷ್ಟೇ ಅಲ್ವಾ? ಬೇಲೂರು, ಹಳೇಬೀಡಿಗೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟ ಬಂತು. ಶಾಲೆಯ ಮಕ್ಕಳು ಮಾತ್ರ ಈಗಲೂ ಸಾಲಾಗಿ ಒಳಗೆ ಹೋಗಿ ಸಾಲಾಗಿ ಹೊರಗೆ ಬರುತ್ತಾರೆ. ಕಲಬುರಗಿ ಜಿಲ್ಲೆಯ ಸನ್ನತಿಯ ಪಕ್ಕ ಕನಗನಹಳ್ಳಿ ಇದೆ. ಭೀಮಾ ನದಿಯ ದಡ. ಅಲ್ಲಿನ ಬೌದ್ಧ ಸ್ತೂಪವನ್ನು ಅಗೆದಾಗ ಸಿಕ್ಕಿದ ಒಂದು ಚಪ್ಪಡಿಯಲ್ಲಿ ರಾಣಿಯ ಜೊತೆ ಅಶೋಕ ನಿಂತಿದ್ದಾನೆ. “ರಾಯೋ ಅಸೋಕೋ” (ರಾಜ ಅಶೋಕ) ಎಂದು ಬ್ರಾಹ್ಮಿ ಲಿಪಿಯಲ್ಲಿ ಹೆಸರೂ ಇದೆ. ಅಂಥ ಕೆತ್ತನೆಗಳು ವರ್ಷಗಟ್ಟಲೆ ಬಯಲಲ್ಲೇ ಬಿದ್ದಿದ್ದವು. ಹಾಸನದಿಂದ ಅಲ್ಲಿಗೆ ಎಷ್ಟು ಟೂರ್ ಬಸ್ಸು ಹೋಗುತ್ತವೆ ಹೇಳಿ? ನೋಡುವವರು ಬಾರದ ಜಾಗಕ್ಕೆ ಸರ್ಕಾರದ ದುಡ್ಡೂ ಬೇಗ ಬರುವುದಿಲ್ಲ ಮೇಷ್ಟ್ರೇ. ಗುಂಪು ಜಾಸ್ತಿ ಅಂತ ನೀವು ಬೈಯುತ್ತೀರಿ. ಸನ್ನತಿಗೆ ಅಂಥದ್ದೊಂದು ಭಾನುವಾರ ಬರಲಿ ಅಂತ ನಾನು ಕಾಯುತ್ತಿದ್ದೇನೆ.

ನಿಮಗೆ ನೆಮ್ಮದಿಯಾಗಿ ನೋಡುವ ಆಸೆ ಇದ್ದರೆ ಇನ್ನೊಮ್ಮೆ ಬುಧವಾರವೋ ಗುರುವಾರವೋ ಹೋಗಿ. ಮಂಗಳವಾರ ಎಲ್ಲೋರಕ್ಕೆ ರಜ. ಬೆಳಿಗ್ಗೆಯೇ 1ನೇ ಗುಹೆಯಿಂದ ಶುರುಮಾಡಿ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಜೀವನಪೂರ್ತಿ ಪಾಠ ಹೇಳಿದವರು ನೀವು. ಶಿರಡಿ ಬಸ್ಸಿನಲ್ಲಿ ಕೂತವರು ಎಲ್ಲೋರ ಬರುವ ಮುಂಚೆ ಓದಲು ಎರಡು ಪುಟ ಬರೆದುಕೊಡಿ. ಯಾವ ಗುಹೆ, ಅಲ್ಲಿ ಏನು ನೋಡಬೇಕು, ಅಷ್ಟು ಸಾಕು. ಅಚ್ಚು ಹಾಕಿ ಹಾಸನದ ಟೂರ್ ಬಸ್ಸುಗಳಿಗೆ ಹಂಚುವ ಖರ್ಚು ಪತ್ರಿಕೆಯದ್ದು.