ತಾಯಿ ಕಾರ್ಡ್ ಕೈಯಲ್ಲಿದ್ದರೆ ಅಂಗನವಾಡಿಗೆ ಇಂದೇ ಹೋಗಿ

ಪ್ರಶ್ನೆ: ಮೇಡಂ, ನಾವು ಸುರಪುರ ತಾಲ್ಲೂಕಿನವರು. ಯಜಮಾನರ ಕಟ್ಟಡ ಕೆಲಸಕ್ಕಾಗಿ ಬಂದು ಬೆಂಗಳೂರಿನ ಲಗ್ಗೆರೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇವೆ. ನನಗೀಗ ಐದು ತಿಂಗಳು, ಚೊಚ್ಚಲ ಬಸಿರು. ರೇಷನ್ ಕಾರ್ಡ್ ಅತ್ತೆಯವರ ಹೆಸರಿನಲ್ಲಿ ಊರಲ್ಲಿದೆ. ಆಧಾರ್‌ನಲ್ಲೂ ಊರಿನ ವಿಳಾಸವೇ ಇದೆ. ಇಲ್ಲಿನ ವಿಳಾಸವಿಲ್ಲದವರಿಗೆ ಅಂಗನವಾಡಿಯಲ್ಲಿ ಏನೂ ಕೊಡುವುದಿಲ್ಲವೆಂದು ವಠಾರದವರು ಹೇಳುತ್ತಾರೆ. ಐದು ಸಾವಿರ ರೂಪಾಯಿ ಬರುತ್ತದೆಂದೂ ಕೇಳಿದ್ದೇನೆ. ಏಳನೆಯ ತಿಂಗಳಲ್ಲಿ ತವರಿಗೆ ಹೋಗಬೇಕು. ಅರ್ಜಿಯನ್ನು ಎಲ್ಲಿ ಹಾಕಲಿ?

ಉತ್ತರ: ನೀವು ಕೇಳಿರುವುದರಲ್ಲಿ ಎರಡು ಬೇರೆ ಬೇರೆ ವಿಷಯಗಳು ಸೇರಿಕೊಂಡಿವೆ. ಅಂಗನವಾಡಿಯ ಆಹಾರ ಒಂದು, ಬ್ಯಾಂಕ್ ಖಾತೆಗೆ ಬರುವ ಹಣ ಇನ್ನೊಂದು. ಇವೆರಡನ್ನೂ ಒಂದೇ ಗಂಟಾಗಿ ಕಟ್ಟಿಕೊಂಡು, ಹಣಕ್ಕೆ ಬೇಕಾದ ಕಾಗದಗಳು ಸಿಗುವವರೆಗೆ ಆಹಾರಕ್ಕೂ ಹೆಸರು ಬರೆಸದೆ ಕುಳಿತ ಎಷ್ಟೋ ಹೆಣ್ಣುಮಕ್ಕಳನ್ನು ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿದ್ದ ವರ್ಷಗಳಲ್ಲಿ ಕಂಡಿದ್ದೇನೆ. ಕಾಗದ ಕೈಸೇರುವ ಹೊತ್ತಿಗೆ ಹೆರಿಗೆಯೇ ಆಗಿಹೋಗಿರುತ್ತಿತ್ತು. ಹೊಟ್ಟೆಯಲ್ಲಿರುವ ಕೂಸಿಗೆ ಆ ಐದಾರು ತಿಂಗಳ ಊಟವನ್ನು ಆಮೇಲೆ ಯಾರೂ ತಂದುಕೊಡಲಾರರು.

ಆಹಾರದ ವಿಷಯವನ್ನು ಮೊದಲು ಹೇಳುತ್ತೇನೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪ್ರತಿಯೊಬ್ಬ ಗರ್ಭಿಣಿಗೂ, ಹೆರಿಗೆಯಾದ ಮೇಲೆ ಆರು ತಿಂಗಳವರೆಗೆ ಬಾಣಂತಿಗೂ, ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೂ ಅಂಗನವಾಡಿಯ ಮೂಲಕ ಉಚಿತ ಪೌಷ್ಟಿಕ ಆಹಾರ ದೊರೆಯಬೇಕು. ಗರ್ಭಿಣಿಗೆ ದಿನಕ್ಕೆ 600 ಕಿಲೋಕ್ಯಾಲೊರಿ ಶಕ್ತಿ ಮತ್ತು 18ರಿಂದ 20 ಗ್ರಾಂ ಪ್ರೋಟೀನ್ ಇರುವಷ್ಟು ಆಹಾರವನ್ನು ಕೊಡಬೇಕೆಂದು ಆ ಕಾಯ್ದೆಯ ಅನುಸೂಚಿಯೇ ನಿಗದಿಪಡಿಸಿದೆ. ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯ ಅನ್ನ, ತರಕಾರಿ ಸಾಂಬಾರ್, ಮೊಟ್ಟೆ, ಹಾಲು ಮತ್ತು ಶೇಂಗಾ ಚಿಕ್ಕಿಯ ಊಟ ಇದೇ ಹಕ್ಕಿನ ಭಾಗವಾಗಿದೆ. ಇದಕ್ಕೆ ಆದಾಯದ ಮಿತಿ ಇಲ್ಲ, ರೇಷನ್ ಕಾರ್ಡ್ ಇರಲೇಬೇಕೆಂಬ ನಿಯಮವಿಲ್ಲ. ಅನುಕೂಲಸ್ಥರ ಮನೆಯ ಸೊಸೆಯೂ ಹೋಗಿ ಕೇಳಬಹುದಾದ ಊಟವನ್ನು ಬಾಡಿಗೆ ಕೋಣೆಯಲ್ಲಿರುವ ನೀವು ಸಂಕೋಚಪಟ್ಟು ಬಿಡಬೇಕಾಗಿಲ್ಲ.

ನೀವು ಮೊದಲು ಹೋಗಬೇಕಾದದ್ದು ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಅಲ್ಲಿ ತಪಾಸಣೆ ಮಾಡಿಸಿಕೊಂಡು, ಬಸಿರಿನ ತಪಾಸಣೆಗಳನ್ನು ಬರೆದಿಡುವ ತಾಯಿ ಕಾರ್ಡ್ ಪಡೆಯಿರಿ; ನಿಮ್ಮ ಬೀದಿಯ ಆಶಾ ಕಾರ್ಯಕರ್ತೆ ಜೊತೆಗೆ ಬಂದರೆ ಕೆಲಸ ಇನ್ನೂ ಸುಲಭವಾಗುತ್ತದೆ. ಆ ಕಾರ್ಡ್ ಮತ್ತು ಆಧಾರ್ ಹಿಡಿದು ನೀವಿರುವ ಬೀದಿಗೆ ಸೇರಿದ ಅಂಗನವಾಡಿಗೆ ಹೋಗಿ. ಕಾರ್ಯಕರ್ತೆ ನಿಮ್ಮ ಹೆಸರನ್ನು ಅಂಗನವಾಡಿಯ ಮೊಬೈಲ್ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ನಲ್ಲಿ ದಾಖಲಿಸುತ್ತಾರೆ. ಆಧಾರ್‌ನಲ್ಲಿ ಸುರಪುರದ ವಿಳಾಸವಿದ್ದರೂ ನೀವು ವಾಸವಿರುವುದು ಲಗ್ಗೆರೆಯಲ್ಲಿ. ಹೆಸರು ಬರೆದುಕೊಳ್ಳಲು ಅಷ್ಟು ಸಾಕು. ಒಂದು ಸಣ್ಣ ವಿಷಯವನ್ನು ಮರೆಯಬೇಡಿ. ಮನೆಗೆ ಒಯ್ಯುವ ಆಹಾರಕ್ಕೆ ಈಗ ಮುಖಚಹರೆಯ ಗುರುತು ಹಿಡಿಯುವ ವ್ಯವಸ್ಥೆ ಬಂದಿದ್ದು, ಅದಕ್ಕಾಗಿ ಮೊದಲ ಸಲ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರುತ್ತದೆ. ಆ ನಂಬರ್ ಯಜಮಾನರದ್ದಾಗಿದ್ದರೆ, ಅವರು ಸೆಂಟ್ರಿಂಗ್ ಕೆಲಸದ ಮೇಲಿರುವಾಗ ನೀವು ಅಂಗನವಾಡಿಯಲ್ಲಿ ಕಾದು ಬರಿಗೈಯಲ್ಲಿ ಹಿಂದಿರುಗಬೇಕಾದೀತು. ಅವರಿಗೆ ರಜೆ ಇರುವ ದಿನ ಇಬ್ಬರೂ ಒಟ್ಟಿಗೆ ಹೋಗಿ, ಅಥವಾ ಆಧಾರ್ ಕೇಂದ್ರದಲ್ಲಿ ನಿಮ್ಮದೇ ನಂಬರನ್ನು ಸೇರಿಸಿಕೊಳ್ಳಿ.

ತವರಿಗೆ ಹೊರಡುವ ಮುನ್ನ ಕಾರ್ಯಕರ್ತೆಗೆ ತಪ್ಪದೆ ತಿಳಿಸಿ. ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ಹೆಸರು ವರ್ಗಾಯಿಸುವ ಅವಕಾಶ ಪೋಷಣ್ ಟ್ರ್ಯಾಕರ್‌ನಲ್ಲಿದೆ. ಹೇಳದೆ ಹೋದರೆ ನಿಮ್ಮ ಹೆಸರು ಲಗ್ಗೆರೆಯಲ್ಲೇ ಉಳಿದು, ತವರೂರಿನಲ್ಲಿ ಮತ್ತೆ ದಾಖಲಿಸಲು ತೊಡಕಾಗುತ್ತದೆ. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಲ್ಲೇ ಆಗುವುದರಿಂದ ಹೆಣ್ಣಿಗೆ ಆಹಾರ ಅತ್ಯಂತ ಅಗತ್ಯವಾದ ತಿಂಗಳುಗಳಲ್ಲೇ ಈ ಕೊಂಡಿ ಕಳಚುತ್ತದೆ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಇನ್ನು ಹಣ. ನೀವು ಕೇಳಿರುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯದು. ಮೊದಲ ಮಗುವಿಗೆ ಒಟ್ಟು 5,000 ರೂಪಾಯಿ. ಗರ್ಭಧಾರಣೆಯನ್ನು ನೋಂದಾಯಿಸಿ ಒಂದು ತಪಾಸಣೆಯಾದರೂ ಆದ ಮೇಲೆ 3,000, ಮಗುವಿನ ಜನನ ನೋಂದಣಿಯಾಗಿ ಮೊದಲ ಸುತ್ತಿನ ಲಸಿಕೆಗಳು ಮುಗಿದ ಮೇಲೆ 2,000. ಎರಡನೆಯದು ಹೆಣ್ಣು ಮಗುವಾದರೆ 6,000 ರೂಪಾಯಿ ಒಂದೇ ಕಂತಿನಲ್ಲಿ ಬರುತ್ತದೆ. ಇದಕ್ಕೆ ಅರ್ಹತೆಯ ದಾಖಲೆ ಬೇಕು. ಆದರೆ ಅದು ಬಿಪಿಎಲ್ ಕಾರ್ಡೇ ಆಗಿರಬೇಕಿಲ್ಲ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡ್, ಆಯುಷ್ಮಾನ್ ಭಾರತ್ ಕಾರ್ಡ್, ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಎಂಬ ಆದಾಯ ಪ್ರಮಾಣಪತ್ರ, ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ಅದರ ಪ್ರಮಾಣಪತ್ರ, ಇವುಗಳಲ್ಲಿ ಯಾವುದಾದರೊಂದು ಸಾಕಾಗುತ್ತದೆ. ಅರ್ಜಿಯನ್ನು ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಕೊಡಬಹುದು, ಯೋಜನೆಯ ಜಾಲತಾಣದಲ್ಲಿ ನೀವೇ ಹಾಕಲೂಬಹುದು. ಹಣ ಬರುವುದು ನಿಮ್ಮದೇ ಹೆಸರಿನ, ಆಧಾರ್ ಜೋಡಣೆಯಾದ ಖಾತೆಗೆ. ಗಂಡನ ಖಾತೆ ಆಗುವುದಿಲ್ಲ. ಎರಡು ಬ್ಯಾಂಕ್‌ಗಳಲ್ಲಿ ಖಾತೆ ಇದ್ದರೆ ನೇರ ನಗದು ವರ್ಗಾವಣೆಗೆ ಯಾವುದು ಜೋಡಣೆಯಾಗಿದೆ ಎಂದು ಬ್ಯಾಂಕ್‌ನಲ್ಲಿ ಮೊದಲೇ ವಿಚಾರಿಸಿ. ‘ಹಣ ಬಂದಿಲ್ಲ’ ಎಂದು ನನ್ನ ಬಳಿ ಬಂದವರಲ್ಲಿ ಕೆಲವರ ಹಣ, ಅವರು ಮರೆತೇಬಿಟ್ಟಿದ್ದ ಹಳೆಯ ಖಾತೆಯಲ್ಲಿ ಬಿದ್ದಿತ್ತು.

ಇಷ್ಟರ ಮೇಲೂ ಹೆಸರು ಬರೆದುಕೊಳ್ಳಲು ಯಾರಾದರೂ ನಿರಾಕರಿಸಿದರೆ ಕಾರ್ಯಕರ್ತೆಯೊಡನೆ ಜಗಳಕ್ಕೆ ನಿಲ್ಲಬೇಡಿ. ಅವರ ಮೇಲಿರುವ ಹೊರೆ ಚಿಕ್ಕದಲ್ಲ. ವೃತ್ತದ ಮೇಲ್ವಿಚಾರಕಿಗೆ, ಅಲ್ಲಿಯೂ ಆಗದಿದ್ದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರಾಚೆಗೆ ರಾಜ್ಯ ಆಹಾರ ಆಯೋಗವಿದೆ.

ಪ್ರಶ್ನೆ: ನಾನು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿದ್ದೇನೆ, ಇಎಸ್‌ಐ (ಕಾರ್ಮಿಕರ ವಿಮೆ) ಇದೆ. ಹೆರಿಗೆ ರಜೆಯ ಸಂಬಳ ಸಿಗುವವರಿಗೆ ಅಂಗನವಾಡಿಯದು ಯಾವುದೂ ಇಲ್ಲವೇ?

ಉತ್ತರ: ಇಎಸ್‌ಐ ಮೂಲಕ 26 ವಾರಗಳ ಹೆರಿಗೆ ಭತ್ಯೆ ಪಡೆಯುವವರಿಗೆ ಮಾತೃವಂದನಾ ಹಣ ಬರುವುದಿಲ್ಲ, ಏಕೆಂದರೆ ಬೇರೆ ಕಾನೂನಿನಡಿ ಅದೇ ಬಗೆಯ ಸೌಲಭ್ಯ ಪಡೆಯುವವರನ್ನು ಆ ಯೋಜನೆ ಹೊರಗಿಟ್ಟಿದೆ. ಆಹಾರಕ್ಕೆ ಆ ನಿರ್ಬಂಧವಿಲ್ಲ. ನೀವೂ ಹೆಸರು ಬರೆಸಿ.

ಪ್ರಶ್ನೆ: ಮೊಮ್ಮಗನಿಗೆ ಎರಡು ವರ್ಷ. ಅಂಗನವಾಡಿಯಲ್ಲಿ ತೋಳಿಗೆ ಪಟ್ಟಿ ಸುತ್ತಿ ನೋಡಿ, ಆಸ್ಪತ್ರೆಗೆ ಸೇರಿಸಿ ಎಂದರು. ಮಗು ಆಡಿಕೊಂಡೇ ಇದೆ. ಆಧಾರ್ ಕೂಡ ಇನ್ನೂ ಮಾಡಿಸಿಲ್ಲ. ಸುಮ್ಮನೆ ಹೆದರಿಸುತ್ತಿದ್ದಾರೆಯೇ?

ಉತ್ತರ: ಅಮ್ಮ, ಅವರು ಹೆದರಿಸುತ್ತಿಲ್ಲ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆಯ ಗುರುತು. ಅಂತಹ ಮಗುವಿಗೆ ಸಾಮಾನ್ಯ ನೆಗಡಿ, ಭೇದಿಯೂ ಅಪಾಯ ತರಬಲ್ಲದು. ಸರ್ಕಾರಿ ಆಸ್ಪತ್ರೆಗಳ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ಸುಮಾರು ಎರಡು ವಾರ ತಾಯಿಯನ್ನೂ ಜೊತೆಗಿರಿಸಿಕೊಂಡು, ಮಗುವಿಗೆ ಅಳತೆ ಪ್ರಕಾರ ಆಹಾರ ಮತ್ತು ಔಷಧ ಕೊಟ್ಟು ತೂಕ ಹೆಚ್ಚಿಸುತ್ತಾರೆ. ಆಧಾರ್ ಬಗ್ಗೆ ಚಿಂತೆ ಬೇಡ. ಅಂಗನವಾಡಿ ಆಹಾರಕ್ಕೆ ಮಗುವಿನ ಆಧಾರ್ ಕಡ್ಡಾಯವಲ್ಲ, ತಾಯಿಯದು ಸಾಕು.

ಕೇಂದ್ರದಿಂದ ಬಂದ ಮೇಲೆ ಅಂಗನವಾಡಿಯ ಪುಷ್ಟಿ ಪುಡಿಯನ್ನು ಅವನೊಬ್ಬನಿಗೇ ಮೀಸಲಿಡಿ. ಮನೆಯ ಎಲ್ಲ ಮಕ್ಕಳಿಗೂ ಒಂದೊಂದು ಚಮಚ ಹಂಚಬೇಕೆನಿಸುವ ನಿಮ್ಮ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಮಗುವಿನ ಪಾಲು ಕರಗುವುದು ಅಲ್ಲಿಯೇ. ಗಂಜಿಯಂತೆ ಗಟ್ಟಿಯಾಗಿ ಕಾಯಿಸಿ, ಸ್ವಲ್ಪ ತುಪ್ಪ ಬೆರೆಸಿ, ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಹಲವು ಸಲ ತಿನ್ನಿಸಿ. ತೂಕ ನೋಡಿಸಲು ಅಂಗನವಾಡಿಗೆ ಹೋಗುವುದನ್ನು ಬಿಡಬೇಡಿ, ಮತ್ತು ಆಸ್ಪತ್ರೆಗೆ ಹೊರಡುವುದನ್ನು ನಾಳೆಗೆ ಇಟ್ಟುಕೊಳ್ಳಬೇಡಿ.