ಜಡಿಮಳೆಯಲ್ಲಿ ಹಕ್ಕಿ ಕಾಳಿನ ಡಬ್ಬಿ
ಹೊಸನಗರದ ಮಳೆಗೆ ಹಕ್ಕಿ ಡಬ್ಬಿಯ ನವಣೆ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತೆ ಅಂದಿರಲ್ಲ, ಬರೀ ಮೇಲೆ ಮುಚ್ಚಿಗೆ ಹಾಕಿದರೆ ಸಾಲದು. ನಮ್ಮಲ್ಲಿ ಇರಚಲು ಅಡ್ಡಡ್ಡ ಹೊಡೆಯುತ್ತೆ. ಡಬ್ಬಿಯನ್ನು ಜಗುಲಿ ಸೂರಿನೊಳಗೆ ತನ್ನಿ, ತಳಕ್ಕೆ ನಾಲ್ಕಾರು ಸಣ್ಣ ತೂತು ಕೊರೆಯಿರಿ. ಕಾಳು ಒಂದೇ ಹಿಡಿ, ಸಂಜೆಯೊಳಗೆ ಖಾಲಿಯಾಗಬೇಕು. ಬೂಷ್ಟಿನ ಕಾಳು ಹಕ್ಕಿಗೆ ವಿಷವೇ. ಅಡಿಕೆ ಹಾಳೆಯಲ್ಲೂ ಡಬ್ಬಿ ಮಾಡಿ ನೋಡಿದ್ದೆ. ಬೇಸಿಗೆಗೆ ಚಂದ, ಆರಿದ್ರಾ ಮಳೆಗೆ ಮೆತ್ತಗಾಗಿ ಕಳಚಿಬಿತ್ತು. ಇರುವೆ ತಡೆಯೋಕೆ, ಡಬ್ಬಿ ನೇತುಹಾಕಿದ ತಂತಿಯ ನಡುವೆ ನೀರಿನ ಬಟ್ಟಲು ಸಾಕು. ಗ್ರೀಸ್ ಬೇಡ, ಪುಕ್ಕಕ್ಕೆ ಮೆತ್ತಿಕೊಳ್ಳುತ್ತೆ.

ಮಂಗ ಬರಲು ಶುರುವಾದರೆ ಮಾತ್ರ ಡಬ್ಬಿ ಇಳಿಸಿಬಿಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡೋದು ಉಣುಗಿನಿಂದ, ಅಂದರೆ ಮಂಗನ ಮೈಗೂ ಹತ್ತಿಕೊಂಡು ಬರುವ ರಕ್ತ ಹೀರೋ ಹುಳದಿಂದ. ಆ ಕಾಯಿಲೆ ಹೆಚ್ಚಿರೋ ಡಿಸೆಂಬರ್‌ನಿಂದ ಮೇವರೆಗೆ ಅಂತೂ ಮಂಗನನ್ನು ಅಂಗಳಕ್ಕೆ ಕರೆಯೋ ಕೆಲಸವೇ ಬೇಡ.